ಪರವಲಯದ ಶೃಂಗ: ಸ್ಪ್ರಿಂಕ್ಲರ್ ನೀರು ಎಲ್ಲಿ ತುದಿ ಮುಟ್ಟುತ್ತದೆ?

ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ (ಕಾಫಿ ಹೂ ಅರಳಲು ಬೇಕಾದ ಮಳೆ) ಕೈಕೊಟ್ಟರೆ ಕೊಡಗಿನ ಸಿದ್ದಾಪುರ, ವಿರಾಜಪೇಟೆ ಕಡೆಯ ರೊಬಸ್ಟಾ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್ ಓಡಿಸುತ್ತಾರೆ. ಪೈಪಿನ ಮೂತಿಯಿಂದ ಚಿಮ್ಮಿದ ನೀರು ಏರಿ, ಬಾಗಿ, ಗಿಡಗಳ ಮೇಲೆ ಬೀಳುವ ಹಾದಿ ಹೆಚ್ಚುಕಡಿಮೆ ಪರವಲಯ. ಗಾಳಿಯ ತಡೆಯಿಂದ ಬೀಳುವ ಬದಿ ತುಸು ಕಡಿದಾಗುತ್ತದೆ. ಇಲ್ಲಿ ಅದನ್ನು ಬಿಟ್ಟಿದ್ದೇನೆ. ಹಾದಿಯ ಅತಿ ಎತ್ತರದ ಬಿಂದುವೇ ಶೃಂಗ.

ಹತ್ತನೆಯ ತರಗತಿಯ ಬಹುಪದೋಕ್ತಿ ಪಾಠದಲ್ಲಿ ಪರವಲಯದ ನಕ್ಷೆ ಬರುತ್ತದೆ. ಆದರೆ ಅಲ್ಲಿ ಗಮನವೆಲ್ಲ ಅದು ಅಕ್ಷವನ್ನು ಎಲ್ಲಿ ಛೇದಿಸುತ್ತದೆ ಎಂಬುದರ ಮೇಲೆ. ಶೃಂಗಕ್ಕೆ ಅದು ಬೇಕಾಗಿಯೇ ಇಲ್ಲ.

ಪೈಪಿನ ಬುಡದಿಂದ ದೂರ ದ, ಎತ್ತರ ಎ, ಎರಡೂ ಮೀಟರಿನಲ್ಲಿ ಇರಲಿ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಆರಿಸಿದ್ದೇನೆ:

ಎ = −0.04ದ² + 0.8ದ + 2

ಕೊನೆಯ 2 ಎಂದರೆ ಮೂತಿಯ ಎತ್ತರ. ನೀರು ಮತ್ತೆ ಇದೇ ಎತ್ತರಕ್ಕೆ ಇಳಿಯುವುದು ಎಲ್ಲಿ? ಮೊದಲ ಎರಡು ಪದಗಳ ಮೊತ್ತ ಸೊನ್ನೆಯಾಗುವಲ್ಲಿ: ದ(−0.04ದ + 0.8) = 0. ಅಂದರೆ ದ = 0 ಅಥವಾ ದ = 20. ಪರವಲಯ ತನ್ನ ಸಮಮಿತಿ ಅಕ್ಷದ ಎರಡೂ ಬದಿ ಒಂದೇ ರೀತಿ ಇರುವುದರಿಂದ ಶೃಂಗ ಇವೆರಡರ ನಟ್ಟನಡುವೆ, ದ = 10ರಲ್ಲಿ. ಬೆಲೆ ಹಾಕಿದರೆ ಎ = −4 + 8 + 2 = 6. ಶೃಂಗ (10, 6).

ಇದನ್ನೇ ಎ = ಅದ² + ಬದ + ಕ (ಅ, ಬ, ಕ ಸ್ಥಿರ ಸಂಖ್ಯೆಗಳು) ಎಂಬ ಸಾಮಾನ್ಯ ರೂಪಕ್ಕೆ ಮಾಡಿದರೆ ದ = −ಬ/(2ಅ) ಎಂಬ ಸೂತ್ರ ತಾನಾಗಿ ಸಿಗುತ್ತದೆ. ಬರೀ ಬಾಯಿಪಾಠ ಮಾಡಿದವರು ಋಣ ಚಿಹ್ನೆಯಲ್ಲಿ ಎಡವುತ್ತಾರೆ. ನಡುಬಿಂದು ಎಂದು ನೆನಪಿಟ್ಟವರು ಎಡವುವುದು ಕಡಿಮೆ.

ವರ್ಗ ಪೂರ್ಣಗೊಳಿಸುವ ವಿಧಾನವೂ ಬೇಕು. ಅಲ್ಲಿ ಉತ್ತರದ ಜೊತೆಗೆ ಕಾರಣವೂ ಕಾಣುತ್ತದೆ.

ಎ = −0.04(ದ² − 20ದ) + 2
ಎ = −0.04[(ದ − 10)² − 100] + 2
ಎ = −0.04(ದ − 10)² + 6

ಎಚ್ಚರ ಬೇಕಾದದ್ದು ಎರಡನೆಯ ಸಾಲಿನ 100ರಲ್ಲಿ. ಆವರಣದಿಂದ ಹೊರಬರುವಾಗ ಅದು −0.04ರ ಗುಣಾಕಾರ ಹೊತ್ತು +4 ಆಗುತ್ತದೆ, −100 ಆಗಿ ಉಳಿಯುವುದಿಲ್ಲ. ಕೊನೆಯ ಸಾಲಿನಲ್ಲಿ ವರ್ಗ ಎಂದೂ ಋಣವಾಗದು, ಅದರ ಮುಂದಿನ ಸಹಗುಣಕ ಋಣ. ಹಾಗಾಗಿ ಎ 6ನ್ನು ಮೀರಲಾರದು; ದ = 10 ಆದಾಗ ಮಾತ್ರ ಅದನ್ನು ಮುಟ್ಟುತ್ತದೆ. ಸಹಗುಣಕ ಧನವಾಗಿದ್ದರೆ ಶೃಂಗ ಕೆಳತುದಿ.

ಪೈಪನ್ನು ಇನ್ನೊಂದು ಮೀಟರ್ ಎತ್ತರಿಸಿದರೆ? ಕ ಮಾತ್ರ 3 ಆಗುತ್ತದೆ, ಶೃಂಗ (10, 7)ಕ್ಕೆ ಏರುತ್ತದೆ, ಅಕ್ಕಪಕ್ಕ ಸರಿಯುವುದಿಲ್ಲ.

ಆದರೆ ಕೊಡಗಿನಲ್ಲಿ ಸಮತಟ್ಟಾದ ತೋಟ ಹುಡುಕಬೇಕು. ಮೂತಿ ಮೊದಲಿನ 2 ಮೀಟರಿನಲ್ಲೇ ಇದ್ದು, ನೆಲ ಪ್ರತಿ ಮೀಟರಿಗೆ 0.1 ಮೀಟರ್ ಇಳಿಯುತ್ತಿದ್ದರೆ, ನೆಲದಿಂದ ನೀರಿನ ಎತ್ತರ −0.04ದ² + 0.9ದ + 2. ಈಗ ಬದಲಾದದ್ದು ಬ, ಆದ್ದರಿಂದ ತುದಿ 11.25 ಮೀಟರಿಗೆ ಸರಿಯುತ್ತದೆ. ಅದೇ ನೀರನ್ನು ಅಷ್ಟೇ ಏರುವ ದಿಬ್ಬದ ಕಡೆ ತಿರುಗಿಸಿ ಲೆಕ್ಕ ಮಾಡಿ: 8.75 ಬರಬೇಕು.