ಡೆಲಿರಿಯಂ ಗುರುತಿಸುವಾಗ ನಾನು ತಪ್ಪಾಗಿ ಕೊಟ್ಟ ಒಂದು ಅಂಕ

ಮೈಸೂರಿನ ಆಸ್ಪತ್ರೆಯೊಂದರಲ್ಲಿ ತರಬೇತಿಯಲ್ಲಿರುವ ನಾನು, ನನ್ನಂತೆಯೇ ವಾರ್ಡಿನಲ್ಲಿ ಕಲಿಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡೆಲಿರಿಯಂ ಎಂದರೆ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ದಿಢೀರನೆ ಕಾಣಿಸಿಕೊಂಡು, ಒಂದೇ ದಿನದೊಳಗೆ ಹೆಚ್ಚು ಕಡಿಮೆಯಾಗುತ್ತಿರುವ ಗಮನದ ಕುಸಿತ. ಜ್ವರದಲ್ಲಿ ಬಡಬಡಿಸುವವರನ್ನು ಕಂಡು ‘ಸನ್ನಿ ಹಿಡಿದಿದೆ’ ಎನ್ನುತ್ತಿದ್ದ ನಮ್ಮ ಹಿರಿಯರು ಇದರ ಒಂದು ರೂಪವನ್ನು ಸರಿಯಾಗಿಯೇ ಗುರುತಿಸಿದ್ದರು. ಆದರೆ ಸದ್ದಿಲ್ಲದೆ ಮಂಕಾಗಿ ಮಲಗುವ ಇನ್ನೊಂದು ರೂಪವನ್ನು ಮನೆಯವರು ‘ಅರಳು ಮರಳು’ ಎಂದೂ, ನಾವು ‘ಆಪರೇಷನ್ ಆದ ಸುಸ್ತು’ ಎಂದೂ ಬಿಟ್ಟುಬಿಡುತ್ತೇವೆ.

ನಮಗೆ ಕಲಿಸಿದ್ದು ಎಡಿನ್‌ಬರೋದಲ್ಲಿ ರೂಪುಗೊಂಡ 4ಎಟಿ ಎಂಬ ಪರೀಕ್ಷೆ. ಅದರಲ್ಲಿ ನಾಲ್ಕು ಭಾಗಗಳಿವೆ. ಎಚ್ಚರ ಸ್ಪಷ್ಟವಾಗಿ ಏರುಪೇರಾಗಿದ್ದರೆ 4 ಅಂಕ. ವಯಸ್ಸು, ಹುಟ್ಟಿದ ದಿನಾಂಕ, ಈಗಿರುವ ಸ್ಥಳ, ಈಗಿನ ಇಸವಿ ಈ ನಾಲ್ಕರಲ್ಲಿ ಒಂದು ತಪ್ಪಿಗೆ 1, ಎರಡು ಅಥವಾ ಹೆಚ್ಚು ತಪ್ಪಿಗೆ 2. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳುವಾಗ ಏಳು ತಿಂಗಳು ಸರಿಯಾಗಿ ಬಂದರೆ 0, ಅದಕ್ಕಿಂತ ಕಡಿಮೆ ಹೇಳಿದರೆ ಅಥವಾ ಹೇಳಲು ಒಪ್ಪದಿದ್ದರೆ 1, ಪರೀಕ್ಷಿಸಲಾಗದಿದ್ದರೆ 2. ಇತ್ತೀಚೆಗೆ ದಿಢೀರ್ ಬದಲಾವಣೆ ಅಥವಾ ಏರಿಳಿತ ಆಗಿದ್ದರೆ ಮತ್ತೆ 4. ಒಟ್ಟು 4 ಅಥವಾ ಹೆಚ್ಚಾದರೆ ಡೆಲಿರಿಯಂ ಇರಬಹುದು. 1ರಿಂದ 3 ಬಂದರೆ ಅರಿವಿನ ಕೊರತೆ ಇರಬಹುದು.

ನಾನು ಎಡವಿದ್ದು ಆ ‘ಪರೀಕ್ಷಿಸಲಾಗದಿದ್ದರೆ 2’ ಎಂಬಲ್ಲಿ. ನಾಗಮಂಗಲದ ಕಡೆಯ ಅಜ್ಜರೊಬ್ಬರಿಗೆ ಹುಟ್ಟಿದ ದಿನಾಂಕವೂ ಇಸವಿಯೂ ತಿಳಿದಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿತ್ತು, ಅದನ್ನೂ ಯಾರೋ ಬರೆಸಿದ್ದು. ತಿಂಗಳುಗಳನ್ನು ಕೇಳಿದಾಗ ‘ಅದ್ಯಾವ್ದೂ ನಂಗೆ ಬರಾಕಿಲ್ಲ ಕಣವ್ವ’ ಎಂದರು. ಎರಡನೆಯ ಭಾಗಕ್ಕೆ 2 ಕೊಟ್ಟೆ, ಮೂರನೆಯದನ್ನು ಪರೀಕ್ಷಿಸಲಾಗಲಿಲ್ಲವೆಂದು ಮತ್ತೆ 2 ಕೊಟ್ಟೆ, ಒಟ್ಟು 4 ಎಂದು ಬರೆದು ಅವರ ಮಗನನ್ನು ಅನಗತ್ಯವಾಗಿ ಗಾಬರಿಪಡಿಸಿದೆ. ಪರೀಕ್ಷಿಸಲಾಗದು ಎಂಬುದರ ಅರ್ಥ ರೋಗಿ ಅಸ್ವಸ್ಥತೆಯಿಂದ, ತೂಕಡಿಕೆಯಿಂದ ಅಥವಾ ಗಮನವಿಲ್ಲದೆ ಆರಂಭಿಸಲಾರದ ಸ್ಥಿತಿಯಲ್ಲಿದ್ದಾರೆ ಎಂದು. ತಿಂಗಳುಗಳನ್ನು ಕಲಿತೇ ಇಲ್ಲ ಎಂದಲ್ಲ. ಆ ಅಜ್ಜ ಕಣ್ಣಿಗೆ ಕಣ್ಣಿಟ್ಟು ಮಾತನಾಡುತ್ತಿದ್ದರು. ಅವರಿಗೆ ಸಲ್ಲಬೇಕಾದದ್ದು 1, ಒಟ್ಟು 3. ಆ ಮೂರರಲ್ಲಿಯೂ ಶಾಲೆಯಿಲ್ಲದ ಬಾಲ್ಯದ ಪಾಲೇ ಹೆಚ್ಚು.

ಇಲ್ಲಿಯೇ ಲೆಕ್ಕದ ಒಳಗುಟ್ಟು ತಿಳಿಯಿತು. ಎಚ್ಚರವಾಗಿರುವ, ಗಮನವಿಟ್ಟು ಕೇಳುವ ವ್ಯಕ್ತಿ ಓದುಬರಹ ತಿಳಿಯದ ಕಾರಣದಿಂದ ನಡುವಿನ ಎರಡು ಭಾಗಗಳಲ್ಲಿ ಸೋತರೂ 3ನ್ನು ದಾಟುವುದಿಲ್ಲ. ಮೊದಲನೆಯ ಮತ್ತು ಕೊನೆಯ ಭಾಗಗಳಾದರೋ ಒಂದೊಂದೇ 4ನ್ನು ಮುಟ್ಟುತ್ತವೆ. ಅಂದರೆ ಈ ಪರೀಕ್ಷೆ ತೂಗುವುದು ನೆನಪನ್ನಲ್ಲ, ಎಚ್ಚರವನ್ನು ಮತ್ತು ಬದಲಾವಣೆಯನ್ನು. ಗಮನವನ್ನು ಇನ್ನಷ್ಟು ಅರಿಯಬೇಕಾದಾಗ ನಾನೀಗ ವಾರಗಳ ಹೆಸರನ್ನು ಭಾನುವಾರದಿಂದ ಹಿಂದಕ್ಕೆ ಕೇಳುತ್ತೇನೆ. ಸಂತೆಯ ದಿನ ನೋಡಿ ಬದುಕಿದವರಿಗೆ ವಾರಗಳು ಚೆನ್ನಾಗಿ ಗೊತ್ತಿರುತ್ತವೆ. ಆದರೆ ಅದನ್ನು ಅಂಕಕ್ಕೆ ಸೇರಿಸುವುದಿಲ್ಲ, ಕಂಡದ್ದನ್ನು ಪಕ್ಕದಲ್ಲಿ ಬರೆಯುತ್ತೇನೆ.

ಅದೇ ವಾರ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದ್ದ ಮದ್ದೂರಿನ ಕಡೆಯ ಅಜ್ಜಿಯನ್ನು ಬೆಳಗಿನ ರೌಂಡ್ಸ್‌ನಲ್ಲಿ ನೋಡಿ ‘ಶಾಂತವಾಗಿದ್ದಾರೆ’ ಎಂದು ಬರೆದಿದ್ದೆ. ಮಧ್ಯಾಹ್ನ ಅವರ ಸೊಸೆ ನನ್ನನ್ನು ತಡೆದು, ‘ನಮ್ಮತ್ತೆ ಇಂಗಿರೋರಲ್ಲ ಮೇಡಮ್ಮೋರೆ. ನೆನ್ನೆ ಸಂಜೆಗಂಟ ಹಸ ಹಾಲು ಕೊಡ್ತಾ ಅಂತ ಕೇಳ್ತಿದ್ರು’ ಎಂದರು. ಹೋಗಿ ನೋಡಿದರೆ ತಟ್ಟೆಯ ಮುದ್ದೆ ಮುಟ್ಟದೆ ಒಣಗಿತ್ತು. ಅಜ್ಜಿ ಹೊದಿಕೆಯ ಅಂಚನ್ನು ಬೆರಳುಗಳಿಂದ ಹೆಕ್ಕುತ್ತಾ, ಪ್ರಶ್ನೆಯ ನಡುವೆಯೇ ಕಣ್ಣು ಮುಚ್ಚುತ್ತಿದ್ದರು. ಮೊದಲ ಭಾಗಕ್ಕೆ 4, ಸೊಸೆಯ ಒಂದು ಮಾತಿಗೆ ಇನ್ನೊಂದು 4.

ಕಾರಣ ಹುಡುಕುವ ಪಟ್ಟಿ ನಿಮಗೂ ಗೊತ್ತಿರುವುದೇ: ಸೋಂಕು, ಆಮ್ಲಜನಕದ ಕೊರತೆ, ನಿರ್ಜಲತೆ, ಸೋಡಿಯಂ ಮತ್ತು ಸಕ್ಕರೆಯ ಏರುಪೇರು, ನೋವು, ಮಲಬದ್ಧತೆ, ಮೂತ್ರ ಕಟ್ಟುವುದು, ಔಷಧಗಳು. ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕಾರಣಗಳು ಕೂಡಿಕೊಂಡಿರುತ್ತವೆ. ಅಜ್ಜಿಯ ಕೆಳಹೊಟ್ಟೆ ಮುಟ್ಟಿದರೆ ಮೂತ್ರಕೋಶ ಬಿಗಿದು ಉಬ್ಬಿತ್ತು. ಹಿಂದಿನ ರಾತ್ರಿ ನಿದ್ದೆಗೆಂದು ಫೆನಿರಾಮಿನ್ ಎಂಬ ಅಲರ್ಜಿಯ ಔಷಧ ಕೊಡಲಾಗಿತ್ತು. ಅದು ಮೂತ್ರವನ್ನೂ ಕಟ್ಟಿಸಬಲ್ಲದು, ಮುದುಕರ ಬುದ್ಧಿಯನ್ನೂ ಮಂಕಾಗಿಸಬಲ್ಲದು. ಮೂತ್ರ ತೆಗೆದು, ಆ ಔಷಧವನ್ನು ನಿಲ್ಲಿಸಿ, ಮಲಬದ್ಧತೆಗೆ ಔಷಧ ಕೊಟ್ಟು, ಚೀಲದಲ್ಲೇ ಉಳಿದಿದ್ದ ಕನ್ನಡಕವನ್ನು ಹಾಕಿಸಿ, ಕಿಟಕಿಯ ಪಕ್ಕಕ್ಕೆ ಮಂಚ ಸರಿಸಿ, ಸೊಸೆಯನ್ನು ರಾತ್ರಿಯೂ ಜೊತೆಗಿರಿಸಿದೆವು. ಕೈಕಾಲು ಕಟ್ಟುವುದು ಗೊಂದಲವನ್ನೂ ಗಾಯವನ್ನೂ ಹೆಚ್ಚಿಸುತ್ತದೆ. ನಿದ್ದೆಯ ಬೆಂಜೊಡಯಾಜೆಪೀನ್ ಮಾತ್ರೆಗಳನ್ನೂ ದೂರವಿಡಬೇಕು. ಮದ್ಯ ಬಿಟ್ಟಾಗ ಬರುವ ಡೆಲಿರಿಯಂ ಮಾತ್ರ ಇದಕ್ಕೆ ಮುಖ್ಯ ಅಪವಾದ, ಆದ್ದರಿಂದ ರೋಗಿಯನ್ನು ದಾಖಲಿಸಿಕೊಳ್ಳುವಾಗಲೇ ಕುಡಿತದ ಅಭ್ಯಾಸದ ಬಗ್ಗೆ ಕೇಳಿ. ಉದ್ರೇಕ ತಗ್ಗಿಸುವ ಹ್ಯಾಲೊಪೆರಿಡಾಲ್ ಔಷಧ ಅಲ್ಪ ಪ್ರಮಾಣದಲ್ಲಿ, ತೀವ್ರ ಸಂಕಟವೋ ಅಪಾಯವೋ ಇದ್ದಾಗ ಮಾತ್ರ. ಪಾರ್ಕಿನ್ಸನ್ ಇದ್ದವರಿಗೆ ಬೇಡ.

ಕನ್ನಡಕ, ಶ್ರವಣ ಸಾಧನ, ನಿದ್ದೆ, ನೀರು, ಓಡಾಟ ಇವನ್ನು ಸಣ್ಣ ವಿಷಯಗಳೆಂದು ನಾನೂ ಎಣಿಸಿದ್ದೆ. 1999ರಲ್ಲಿ ಶರಾನ್ ಇನೋಯೆ ಮತ್ತು ಸಂಗಡಿಗರು ಪ್ರಕಟಿಸಿದ, 70 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನ 852 ರೋಗಿಗಳ ಅಧ್ಯಯನದಲ್ಲಿ, ಇಂಥ ಆರೈಕೆ ಪಡೆದವರಲ್ಲಿ ಶೇ. 9.9 ಮಂದಿಗೆ, ಎಂದಿನ ಆರೈಕೆಯವರಲ್ಲಿ ಶೇ. 15 ಮಂದಿಗೆ ಡೆಲಿರಿಯಂ ಬಂದಿತು. ಒಮ್ಮೆ ಬಂದ ಮೇಲೆ ಅದರ ತೀವ್ರತೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಕನ್ನಡಕ ಎಲ್ಲಿದೆ ಎಂದು ಕೇಳಬೇಕಾದದ್ದು ರೋಗಿ ಮಂಕಾದ ಮೇಲಲ್ಲ, ದಾಖಲಾದ ದಿನವೇ.

ಎರಡು ದಿನಗಳ ನಂತರ ಅಜ್ಜಿ ಹಸುವಿನ ವಿಚಾರ ಕೇಳಿದರು. ಈಗ ನಾನು 4ಎಟಿಯ ನಾಲ್ಕನೆಯ ಪ್ರಶ್ನೆಯನ್ನೇ ಮೊದಲು, ರೋಗಿಯ ಪಕ್ಕ ಕುಳಿತವರಿಗೆ ಕೇಳುತ್ತೇನೆ, ಅವರ ಉತ್ತರವನ್ನು ಅವರ ಮಾತಿನಲ್ಲೇ ಕೇಸ್ ಶೀಟಿನಲ್ಲಿ ಬರೆಯುತ್ತೇನೆ.