9,600 ಬಂತು ಅಂತ ರಸ್ತೆ ಐದು ಪಟ್ಟು ಗಟ್ಟಿಯಾಗುವುದಿಲ್ಲ

ಡಾಮರು ರಸ್ತೆಯ ಗಡಸುತನ ನೋಡುವ ರೆಸೊನೆನ್ಸ್ ಟೆಸ್ಟಿನ ರಿಪೋರ್ಟ್ ತಲುಪಿದ ಕೂಡಲೇ ಫೋನ್ ಬರುತ್ತದೆ. "ಸರ್, 9,600 ಎಂಪಿಎ ಬಂದಿದೆ. ಡಿಸೈನ್‌ನಲ್ಲಿ ಹಿಡಿದದ್ದು ಬರೀ 2,000. ನಮ್ಮ ರಸ್ತೆ ಐದು ಪಟ್ಟು ಗಟ್ಟಿ, ಅಲ್ವಾ?"

ಅಲ್ಲ. ಎಂಪಿಎ, ಅಂದರೆ ಮೆಗಾಪಾಸ್ಕಲ್, ಗಡಸುತನದ ಅಳತೆಯೇ ಹೌದು. ಆದರೆ ದಯವಿಟ್ಟು ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡಬೇಡಿ.

ರೆಸೊನೆನ್ಸ್ ಟೆಸ್ಟ್ ಒಳ್ಳೆಯ ಟೆಸ್ಟ್. ಡಾಮರು ಮಿಶ್ರಣದ ತುಂಡನ್ನು ಸ್ಪಂಜಿನ ಮೇಲಿಟ್ಟು, ಪುಟ್ಟ ಸುತ್ತಿಗೆಯಿಂದ ತಟ್ಟಿ, ಅದು ಯಾವ ಫ್ರೀಕ್ವೆನ್ಸಿಯಲ್ಲಿ ಕಂಪಿಸುತ್ತದೆ ಎಂದು ನೋಡುತ್ತೇವೆ. ಆ ಫ್ರೀಕ್ವೆನ್ಸಿ, ತುಂಡಿನ ಅಳತೆ, ತೂಕ ಸಿಕ್ಕಿದರೆ ಗಡಸುತನದ ಲೆಕ್ಕ ಸಿಗುತ್ತದೆ. 20 ಸೆಂ.ಮೀ. ಉದ್ದದ ತುಂಡು ಉದ್ದಕ್ಕೆ 5,000 ಹರ್ಟ್ಸ್‌ನಲ್ಲಿ ಕಂಪಿಸಿದರೆ ಹತ್ತಿರ ಹತ್ತಿರ 9,600 ಬರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ.

ಆದರೆ ಆ 5,000 ಹರ್ಟ್ಸ್ ನೋಡಿ. ಹೈವೇಯಲ್ಲಿ 60 ಕಿ.ಮೀ. ವೇಗದಲ್ಲಿ ಹೋಗುವ ಲಾರಿ ರಸ್ತೆಯನ್ನು ಒತ್ತುವುದು ಸುಮಾರು 10 ಹರ್ಟ್ಸ್‌ನಲ್ಲಿ. ಡಾಮರು ಸ್ಟೀಲ್ ಅಲ್ಲ. ಬೇಗ ಒತ್ತಿದರೆ ಗಟ್ಟಿ, ನಿಧಾನಕ್ಕೆ ಒತ್ತಿದರೆ ಮೆತ್ತಗೆ. ಕೆರೆಗೆ ಹೊಟ್ಟೆ ಅಡಿಯಾಗಿ ಹಾರಿದವನಿಗೆ ನೀರು ಎಷ್ಟು ಗಟ್ಟಿ ಅಂತ ಗೊತ್ತಿರುತ್ತದೆ, ಮೆಟ್ಟಿಲಿಳಿದು ಹೋದವನಿಗೆ ಗೊತ್ತಿರುವುದಿಲ್ಲ. ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ ನಿಂತು ನಿಂತು ತೆವಳುವ ಲೋಡ್ ಲಾರಿಗೆ ಆ 10 ಹರ್ಟ್ಸ್ ಕೂಡ ಜಾಸ್ತಿಯೇ. ಹಾಗಾಗಿ ಚಕ್ರದ ಜಾಡು ಕುಸಿಯುವ ಭಯ ಓಡುವ ರಸ್ತೆಗಿಂತ ಇಂಥ ಕಡೆ, ಘಾಟಿಯ ಏರಿನಲ್ಲಿ ಹೆಚ್ಚು.

ಇನ್ನು ಬಿಸಿ. ಒಮ್ಮೆ ಒಬ್ಬ ಹುಡುಗ ಇಂಜಿನಿಯರ್, ತುಂಬ ಶ್ರದ್ಧೆಯವನು, ಪಡುಬಿದ್ರಿ ಕಡೆಯಿಂದ ಕೋರ್, ಅಂದರೆ ರಸ್ತೆಯಿಂದ ಕೊರೆದು ತೆಗೆದ ತುಂಡು, ತಂದಿದ್ದ. ಮಧ್ಯಾಹ್ನದ ಬಿಸಿಲಲ್ಲಿ, ಕಾರಿನ ಡಿಕ್ಕಿಯಲ್ಲಿ. ಬಂದ ಕೂಡಲೇ ತಟ್ಟಿ ನೋಡಿದ. ರಾತ್ರಿಯಿಡೀ ಎಸಿ ಕೋಣೆಯಲ್ಲಿಟ್ಟು ಬೆಳಿಗ್ಗೆ ಮತ್ತೆ ತಟ್ಟಿದರೆ ಅಂಕಿ ಎಲ್ಲೋ ಮೇಲೆ! ಮಿಷನ್ ಕೆಟ್ಟಿದೆ ಅಂತ ಮುಖ ಸಣ್ಣ ಮಾಡಿಕೊಂಡ. ಮಿಷನ್ ಸರಿ ಇತ್ತು ಮಾರಾಯ, ಎರಡೂ ಅಂಕಿ ನಿಜವೇ. ರಸ್ತೆ ಡಿಸೈನ್‌ಗೆ ನಾವು ನೋಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ 37 ರ 2018 ರ ಆವೃತ್ತಿಯಲ್ಲೇ ನೋಡಿ, ವಿಜಿ-30 ಎಂಬ ದರ್ಜೆಯ ಡಾಮರಿನ ಮಿಶ್ರಣಕ್ಕೆ 20 ಡಿಗ್ರಿಯಲ್ಲಿ 3,500, 35 ಡಿಗ್ರಿಯಲ್ಲಿ 2,000 ಎಂಪಿಎ. ತಾಪಮಾನ ಬರೆಯದ ರಿಪೋರ್ಟ್ ಬಂದರೆ ನಾನಂತೂ ವಾಪಸ್ ಕಳಿಸುತ್ತೇನೆ. ಫ್ರೀಕ್ವೆನ್ಸಿಯೂ ಅದರಲ್ಲಿರಬೇಕು.

ಬೇರೆ ಬೇರೆ ತಾಪಮಾನದಲ್ಲಿ ಅಳೆದು ಲಾರಿಯ ವೇಗಕ್ಕೆ ಹೊಂದಿಸುವ ದಾರಿಯೂ ಇದೆ. ಆದರೆ ಅದಕ್ಕೆ ಸಮಯ ಬೇಕು, ಅನುಭವ ಬೇಕು, ಸುಮ್ನೆ ಒಂದು ಗುಣಾಕಾರದಲ್ಲಿ ಮುಗಿಯುವುದಿಲ್ಲ.

ಹಾಗಾದರೆ ಈ ಟೆಸ್ಟ್ ಯಾಕೆ? ಹೋಲಿಸಿ ನೋಡುವುದಕ್ಕೆ. ತುಂಡು ಒಡೆಯುವುದಿಲ್ಲವಲ್ಲ, ಅದನ್ನೇ ಮತ್ತೆ ಮತ್ತೆ ತಟ್ಟಬಹುದು. ನೀರಲ್ಲಿ ನೆನೆಸುವ ಮೊದಲು ಒಮ್ಮೆ, ನೆನೆಸಿ ಒಣಗಿಸಿದ ಮೇಲೆ ಒಮ್ಮೆ, ಅದೇ ತಾಪಮಾನದಲ್ಲಿ. ಫ್ರೀಕ್ವೆನ್ಸಿ 10% ಇಳಿದರೆ ಗಡಸುತನ ಸುಮಾರು 19% ಇಳಿದಂತೆ, ಯಾಕೆಂದರೆ ಲೆಕ್ಕದಲ್ಲಿ ಫ್ರೀಕ್ವೆನ್ಸಿಯ ವರ್ಗ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುವ ನಮ್ಮ ಕರಾವಳಿ ರಸ್ತೆಗಳಿಗೆ ಇದಕ್ಕಿಂತ ಉಪಯೋಗದ ಮಾಹಿತಿ ಯಾವುದಿದೆ? ಒಂದೇ ಎಚ್ಚರಿಕೆ, ಕೋರ್ ಕೊರೆಯುವಾಗ ನೀರು ಬಿಟ್ಟಿರುತ್ತಾರೆ. ಆ ಒದ್ದೆ ತುಂಡನ್ನು ಒಣಗಿಸದೆ ತೂಗಬೇಡಿ.