‘ಮೊದಲ’ ಅಂದ್ರೆ ಯಾವುದರಲ್ಲಿ ಮೊದಲ?

ನಮ್ಮ ಹಳೆಯ ರಾಕೆಟ್, ಕ್ಷಿಪಣಿಗಳ ಬಗ್ಗೆ ಬರೆದವರು ಕರಡನ್ನು ನನ್ನ ಹತ್ತಿರ ತರುತ್ತಾರೆ. ಓದುವ ಮುಂಚೆ ಒಂದೇ ಪದ ಹುಡುಕುತ್ತೇನೆ: ‘ಮೊದಲ’. ತಪ್ಪು ಸಾಮಾನ್ಯವಾಗಿ ಅದರ ಪಕ್ಕದಲ್ಲೇ ಕೂತಿರುತ್ತದೆ.

‘ಭಾರತದ ಮೊದಲ ರಾಕೆಟ್ 1963ರಲ್ಲಿ ಕೇರಳದ ತುಂಬಾದಿಂದ ಹಾರಿತು.’ ನವೆಂಬರ್ 21ರಂದು ಹಾರಿದ್ದು ನಿಜ. ಆದರೆ ಆ ನೈಕಿ-ಅಪಾಚೆ ರಾಕೆಟ್ ಅಮೆರಿಕದ್ದು, ಒಳಗಿದ್ದ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು. ನೆಲ ನಮ್ಮದು, ಹಾರಿಸಲು ನಿಂತವರಲ್ಲಿ ನಮ್ಮವರಿದ್ದರು. ಹಾಗಾದರೆ ‘ತುಂಬಾದಿಂದ ಹಾರಿದ ಮೊದಲ’ ಅಂತ ಬರೆಯಿರಿ, ಅಷ್ಟೇ. ನಾವೇ ಮಾಡಿದ್ದು ಬೇಕಾದರೆ 1967ರ ನವೆಂಬರಿನ ರೋಹಿಣಿ-75ಕ್ಕೆ ಬನ್ನಿ. ಆ 75 ಕೊಳವೆಯ ಅಡ್ಡಗಲ, ಮಿಲಿಮೀಟರ್ ಲೆಕ್ಕದಲ್ಲಿ. ಮುಷ್ಟಿಯಷ್ಟು ದಪ್ಪ. ಒಬ್ಬರು ಅದನ್ನು ‘ಎಪ್ಪತ್ತೈದನೇ ರಾಕೆಟ್’ ಮಾಡಿಬಿಟ್ಟಿದ್ದರು!

ನಮ್ಮವರಿಗೆ ಟಿಪ್ಪುವಿನ ಮೇಲೆ ಪ್ರೀತಿ ಜಾಸ್ತಿ, ನನಗೂ ಇದೆ. ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಿನಲ್ಲಿ 2018ರಲ್ಲಿ ಪಾಳುಬಾವಿಯಿಂದ ಅವನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಹಾಗಂತ ‘ಪ್ರಪಂಚದ ಮೊದಲ ರಾಕೆಟ್’ ಅನ್ನಬೇಡಿ. ಚೀನಾದವರು ನೂರಾರು ವರ್ಷ ಮುಂಚೆಯೇ ಹಾರಿಸಿದ್ದರು. ಮೈಸೂರಿನ ಹೆಚ್ಚುಗಾರಿಕೆ ಕಬ್ಬಿಣದ ಕೊಳವೆ. ಮದ್ದು ಗಟ್ಟಿಯಾಗಿ ತುಂಬಬಹುದು, ದೂರ ಹೋಗುತ್ತದೆ. ಇಷ್ಟು ಸಾಲದಾ?

ಕ್ಷಿಪಣಿಯಲ್ಲಿ ಇನ್ನೂ ಹುಷಾರಾಗಿರಬೇಕು. 1989ರ ಮೇ 22ರಂದು ಹಾರಿದ ಅಗ್ನಿ ತಂತ್ರಜ್ಞಾನ ತೋರಿಸಲು ಮಾಡಿದ್ದು. ಅದರ ಮೊದಲ ಹಂತ ಉಪಗ್ರಹ ಹಾರಿಸುವ ರಾಕೆಟ್ ಎಸ್‌ಎಲ್‌ವಿ-3ರಿಂದ ಬಂದದ್ದು. ಅದನ್ನು ‘ಸೇನೆಗೆ ಸೇರಿದ ಮೊದಲ ಅಗ್ನಿ’ ಅಂತ ಬರೆದರೆ ಪರೀಕ್ಷೆಯನ್ನೂ ಸೇರ್ಪಡೆಯನ್ನೂ ಕಲಸಿದಂತೆ. ಇನ್ನು ನಿವೃತ್ತರು ಮನೆಯಲ್ಲಿ ಇಟ್ಟುಕೊಂಡ ಕಾಗದಗಳನ್ನು ಅಚ್ಚು ಹಾಕುವ ಮುಂಚೆ, ಹಾಕಬಹುದಾ ಅಂತ ಬಲ್ಲವರನ್ನು ಕೇಳಿ. ನಾನು ವಕೀಲನಲ್ಲ.

ಒಮ್ಮೆ ಅಜ್ಜ, ಮೊಮ್ಮಗಳು ಜಗಳ ಆಡುತ್ತಲೇ ಬಂದರು. ಅಜ್ಜ ಎಸ್‌ಎಲ್‌ವಿ-3ರಲ್ಲಿ ದುಡಿದವರು. ‘ಮೊದಲ ಉಡಾವಣೆ 1980 ಅಂತ ಬರೆದಿದ್ದಾಳೆ, 79 ಅಲ್ವಾ?’ ಅವರದೂ ಸರಿ, ಅವಳದೂ ಸರಿ. 1979ರ ಆಗಸ್ಟ್ 10ರಂದು ಹಾರಿದ್ದು ಕಡಲಿಗೆ ಬಿತ್ತು. ಎರಡನೇ ಹಂತದ ದಿಕ್ಕು ಹಿಡಿಯುವ ವ್ಯವಸ್ಥೆಗೆ ಬೇಕಿದ್ದ ಆಮ್ಲ ಸೋರಿಹೋಗಿತ್ತು. ರೋಹಿಣಿ ಉಪಗ್ರಹ ಕಕ್ಷೆ ಸೇರಿದ್ದು 1980ರ ಜುಲೈ 18ಕ್ಕೆ. ಮೊಮ್ಮಗಳು ‘ಮೊದಲ’ ಹೊಡೆದು ‘ಮೊದಲ ಯಶಸ್ವಿ’ ಅಂತ ತಿದ್ದಿದಳು. ಅಜ್ಜ ಸುಮ್ನೆ ಜೇಬಿನಿಂದ ಹಳೆಯ ಪುಟ್ಟ ಡೈರಿ ತೆಗೆದು ಮೇಜಿನ ಮೇಲಿಟ್ಟರು. ಆ ಆಗಸ್ಟ್ 10ರ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಒಂದೇ ಸಾಲು: ‘ಮಧ್ಯಾಹ್ನ ಊಟ ಸೇರಲಿಲ್ಲ.’